ಉಸಿರಾಡೋಕೂ ಪುರುಸೊತ್ತಿಲ್ಲದವರಿಗೆ

ಪ್ರಶ್ನೆ: ನಾನು ಐಸಿಯು ನರ್ಸ್. ವಾರಗಟ್ಟಲೆ ನೈಟ್ ಡ್ಯೂಟಿ, ರಾತ್ರಿ 8ರಿಂದ ಬೆಳಿಗ್ಗೆ 8. ಎರಡು ಬೆಡ್‌ನಲ್ಲಿ ಒಟ್ಟಿಗೆ ಅಲಾರಂ ಹೊಡೆದರೆ ಎದೆ ಡವಡವ ಅನ್ನುತ್ತದೆ, ಆಮೇಲೂ ಅರ್ಧ ಗಂಟೆ ಇಳಿಯುವುದಿಲ್ಲ. ಮೊಬೈಲಿನಲ್ಲಿ ಯಾರೋ ಹೇಳಿದ್ದು ಕೇಳಿ, ಸ್ಟೋರ್ ರೂಮಿನಲ್ಲಿ ನಿಂತು ಜೋರಾಗಿ ಮೂವತ್ತು ಸಲ ಉಸಿರಾಡಿದೆ. ತಲೆ ಸುತ್ತಿತು, ಬೆರಳೆಲ್ಲ ಜುಮ್ ಅಂದವು. ಇದು ನನಗೆ ಆಗಿಬರುವುದಿಲ್ವಾ? ಕಣ್ಣು ಮುಚ್ಚಿ ಕೂರೋಕಂತೂ ಹತ್ತು ನಿಮಿಷ ಸಿಗಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ಆಗಿಬರುತ್ತದೆ, ಆದರೆ ನೀವು ಹಿಡಿದ ದಾರಿ ಉಲ್ಟಾ. ಗಬಗಬ ಉಸಿರಾಡಿದರೆ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ, ಅದು ಇಳಿದಾಗ ಮೆದುಳಿನ ರಕ್ತನಾಳಗಳು ಬಿಗಿಯಾಗಿ ತಲೆ ಸುತ್ತುತ್ತದೆ, ಬೆರಳು ಜುಮ್ ಅನ್ನುತ್ತವೆ. ಗಾಬರಿಬಿದ್ದ ರೋಗಿಗಳಲ್ಲಿ ನೀವೇ ಇದನ್ನು ಎಷ್ಟು ಸಲ ನೋಡಿಲ್ಲ!

ನಿಮ್ಮ ಕೆಲಸಕ್ಕೆ ಬರುವುದು ಹೊರಗೆ ಬಿಡುವ ಉಸಿರು. ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿ, ಉಸಿರು ಎಳೆದಾಗ ನಾಡಿ ಚೂರು ಜೋರಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಕೆಲಸ ಅದು. ಹಾಗಾಗಿ ಮೂಗಿನಲ್ಲೇ 4 ಎಣಿಸುವಷ್ಟು ಹೊತ್ತು ಎಳೆದು, 6 ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಿ. ಮಾಸ್ಕ್ ಹಾಕಿಕೊಂಡೇ ಮಾಡಬಹುದು, ಪಕ್ಕದವರಿಗೂ ಗೊತ್ತಾಗಲ್ಲ.

ಇನ್ನು ಟೈಮ್. ಸೋಪು ಹಾಕಿ ಸರಿಯಾಗಿ ಕೈ ತೊಳೆಯೋಕೆ 40ರಿಂದ 60 ಸೆಕೆಂಡ್ ಬೇಕು ಅಂತ ನಿಮಗೆ ಕಲಿಸಿರುತ್ತಾರೆ, ಹ್ಯಾಂಡ್‌ರಬ್ (ಸ್ಯಾನಿಟೈಸರ್) ಆದರೆ 20ರಿಂದ 30. ಒಂದು ಉಸಿರಿಗೆ 10 ಸೆಕೆಂಡ್ ಅಂದರೆ ಸಿಂಕ್ ಮುಂದೆ ನಾಲ್ಕೈದು ಉಸಿರು, ಹ್ಯಾಂಡ್‌ರಬ್‌ನಲ್ಲಿ ಎರಡು ಮೂರು. ರಾತ್ರಿಯಿಡೀ ಎಷ್ಟು ಸಲ ಕೈ ತೊಳೆಯುತ್ತೀರಿ ಲೆಕ್ಕ ಹಾಕಿ, ಆ ಹತ್ತು ನಿಮಿಷ ಅಲ್ಲೇ ಸಿಕ್ಕಿತಲ್ಲ!

ಅಲಾರಂ ಗಲಾಟೆ ಮುಗಿದ ಮೇಲೆ ಇನ್ನೊಂದಿದೆ. ಅತ್ತು ಅತ್ತು ಸುಸ್ತಾದ ಮಗು ಎರಡು ಸಲ ಬಿಕ್ಕಿ ಎಳೆದುಕೊಂಡು ಒಂದು ಉದ್ದ ಉಸಿರು ಬಿಡುತ್ತದಲ್ಲ, ಅದೇ. ಮೂಗಿನಲ್ಲಿ ಎಳೆದು, ಮೇಲೊಂದು ಚೂರು ಸೇರಿಸಿ, ಬಾಯಿಂದ ಉದ್ದಕ್ಕೆ ಬಿಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 5 ನಿಮಿಷದಂತೆ ತಿಂಗಳು ಕಾಲ ಹೀಗೆ ಮಾಡಿದವರ ಮನಸ್ಸು ಧ್ಯಾನ ಮಾಡಿದವರಿಗಿಂತ ಜಾಸ್ತಿ ಹಗುರಾಗಿತ್ತು. (ನಿಟ್ಟುಸಿರು ಬಿಟ್ಟರೆ ನಮ್ಮಜ್ಜಿ ಬೈಯುತ್ತಿದ್ದರು, ಅವರಿಗೆ ಇದನ್ನು ಹೇಳೋಕೆ ಆಗಲಿಲ್ಲ.) ಕಪಾಲಭಾತಿಯನ್ನು ಡ್ಯೂಟಿ ನಡುವೆ ನಿಂತುಕೊಂಡು ಮಾಡಬೇಡಿ, ಬಿಪಿ ಇದ್ದರೆ ಅಥವಾ ಬಸುರಿಯಾಗಿದ್ದರೆ ಬೇಡವೇ ಬೇಡ. ಸುಮ್ನೆ ಕೂತಾಗಲೂ ಎದೆ ಡವಡವ ಅಂದರೆ ನಿಮ್ಮ ಡಾಕ್ಟರಿಗೇ ಒಮ್ಮೆ ತೋರಿಸಿ, ಇಸಿಜಿಗೆ ಎಷ್ಟು ಹೊತ್ತು?

ಒಂದು ಮಾತು ಮಾತ್ರ ನೇರವಾಗಿ ಹೇಳುತ್ತೇನೆ. ಇದು ಎದೆ ಬಡಿತ ಇಳಿಸೋಕೆ, ನಿದ್ದೆ ಓಡಿಸೋಕೆ ಅಲ್ಲ. ಬೆಳಗಿನ ಜಾವ 4 ಗಂಟೆಗೆ ಕಣ್ಣು ಎಳೆಯುವಾಗ ನಿಧಾನ ಉಸಿರಾಡಿದರೆ ಇನ್ನೂ ತೂಕಡಿಕೆ ಬರುತ್ತದೆ. ಆಗ ಎದ್ದು ಓಡಾಡಿ, ಜೊತೆಯವರು ಬೆಡ್ ನೋಡಿಕೊಂಡರೆ 20 ನಿಮಿಷ ಮಲಗಿಬಿಡಿ. ಬೆಳಿಗ್ಗೆ ಹ್ಯಾಂಡ್‌ಓವರ್ ಕೊಡುವಾಗಲೇ ಕಣ್ಣು ಮುಚ್ಚುತ್ತಿದ್ದರೆ ಸ್ಕೂಟರ್ ಅಲ್ಲೇ ಇರಲಿ, ಬಸ್ಸಿಗೆ ಹೋಗಿ.