ಹಲ್ಲಿನ ಗುರುತೋ, ಕಲ್ಲಿನ ಗೀರೋ?

ಪ್ರಶ್ನೆ: ಆದಿಮಾನವರ ಎಲುಬಿನ ಜೊತೆ ಚಿರತೆ, ಕತ್ತೆಕಿರುಬಗಳ ಎಲುಬೂ ಸಿಗುತ್ತದಂತೆ. ಯಾರು ಯಾರನ್ನು ತಿಂದರೆಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು

ಉತ್ತರ: ಒಟ್ಟಿಗೆ ಸಿಕ್ಕ ಮಾತ್ರಕ್ಕೆ ಒಟ್ಟಿಗೆ ಬದುಕಿದ್ದವೆಂದಲ್ಲ. ಮೊದಲು ಮಣ್ಣಿನ ಪದರ ನೋಡಬೇಕು, ಆಮೇಲೆ ಗಾಯ. ದಕ್ಷಿಣ ಆಫ್ರಿಕದ ಸ್ವಾರ್ಟ್‌ಕ್ರಾನ್ಸ್ ಗುಹೆಯ ‘ಎಸ್‌ಕೆ 54’ ಎಂಬ ಸಂಖ್ಯೆಯ ಪಳೆಯುಳಿಕೆ, ಪ್ಯಾರಾಂತ್ರೋಪಸ್ ಎಂಬ ಅಳಿದುಹೋದ ಆದಿಮಾನವ ಬಳಗದ ಎಳೆಯ ಜೀವಿಯೊಂದರ ತಲೆಬುರುಡೆ. ಹಿಂಬದಿಯಲ್ಲಿ ಎರಡು ತೂತು, ನಡುವೆ ಸುಮಾರು 33 ಮಿ.ಮೀ. ಅದೇ ಗುಹೆಯ ಚಿರತೆ ಪಳೆಯುಳಿಕೆಯ ಕೆಳದವಡೆಯ ಕೋರೆಹಲ್ಲುಗಳು ಅದಕ್ಕೆ ಸರಿಯಾಗಿ ಹೊಂದುತ್ತವೆಂದು ಪಳೆಯುಳಿಕೆ ತಜ್ಞ ಸಿ.ಕೆ. ಬ್ರೇನ್ ತೋರಿಸಿದರು. ಎಂಥ ಸಾಕ್ಷ್ಯ!

ಕಲ್ಲಿನ ಆಯುಧದ ಗೀರು ಸಾಮಾನ್ಯವಾಗಿ ‘ವಿ’ ಆಕಾರ, ಒಳಗೆ ಸೂಕ್ಷ್ಮ ಗೆರೆಗಳು. ಹಲ್ಲಿನದು ‘ಯು’ ಆಕಾರ, ತಳ ನುಣುಪು. ಅಗೆಯುವಾಗ ತಾಗಿದ ಹೊಸ ಗೀರು ತಿಳಿಬಣ್ಣದಲ್ಲಿ ಎದ್ದು ಕಾಣುತ್ತದೆ.

ನಿಮ್ಮೂರಿನ ಮುರಕಲ್ಲಿನ ಆಮ್ಲೀಯ ಮಣ್ಣಿನಲ್ಲಿ ಎಲುಬು ಕರಗಿಹೋಗುತ್ತದೆ. ಸುಣ್ಣದಂಶದ ಕಲ್ಲಿನ ಗುಹೆಗಳಲ್ಲಿ ಉಳಿಯುತ್ತದೆ.