ಫ್ಲಶ್ ಇನ್ನೂ ಆಗಿಲ್ಲ, ರೇಸ್ ಮಾಡಬಹುದಾ?

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋದಾಗ ನಾವು ಐದು ಜನ ಚೆನ್ನೆಮಣೆ ಬೀಜ ಇಟ್ಟುಕೊಂಡು ಟೆಕ್ಸಾಸ್ ಹೋಲ್ಡೆಮ್ (ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು ಎಲೆ ಇರುವ ಪೋಕರ್) ಆಡುತ್ತೇವೆ. ಮೊನ್ನೆ ನನ್ನ ಕೈಯಲ್ಲಿ ಆಟಿನ್ ಎಕ್ಕ, ಆಟಿನ್ ಐದು. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆಯಲ್ಲಿ) ಆಟಿನ್ ರಾಜ, ಆಟಿನ್ ಎಂಟು, ಕಳಾವರ್ ಮೂರು. ಪಾಟ್‌ನಲ್ಲಿ (ಎಲ್ಲರೂ ಕಟ್ಟಿದ ರಾಶಿಯಲ್ಲಿ) 100 ಬೀಜ ಇತ್ತು. ಒಬ್ಬ 50 ಕಟ್ಟಿದ, ಉಳಿದವರು ಎಲೆ ಬಿಟ್ಟರು. ಫ್ಲಶ್ (ಐದೂ ಆಟಿನ್) ಆಗುವ ಸಾಧ್ಯತೆ 35% ಅಂತ ಕಾಲ್ ಮಾಡಿದೆ, ಅಂದರೆ ನಾನೂ 50 ಹಾಕಿದೆ. ಸರಿಯಾ? ಫ್ಲಶ್ ಆಗುವ ತನಕ ರೇಸ್ (ಎದುರಿನವನು ಕಟ್ಟಿದ್ದಕ್ಕಿಂತ ಹೆಚ್ಚು ಕಟ್ಟುವುದು) ಮಾಡಲೇಬಾರದು ಅಂತಾರೆ ನಮ್ಮ ಭಾವ.
– ತೀರ್ಥಹಳ್ಳಿಯ ಓದುಗರು

ಉತ್ತರ: 35% ಅನ್ನೋದು ಎರಡು ಎಲೆ ನೋಡುವವರ ಲೆಕ್ಕ. ನೀವು 50 ಕೊಟ್ಟದ್ದು ಟರ್ನ್‌ನ, ಅಂದರೆ ನಾಲ್ಕನೆಯ, ಒಂದೇ ಎಲೆಗೆ. ನಿಮಗೆ ಕಾಣದ ಎಲೆ 47, ಅದರಲ್ಲಿ ಆಟಿನ್ ಒಂಬತ್ತು. ಅಂದರೆ ಬರೀ 19%. ರಿವರ್ (ಕೊನೆಯ, ಐದನೇ ಎಲೆ) ನೋಡಬೇಕಾದರೆ ಅವನು ಮತ್ತೆ ಕಟ್ಟಬಹುದು, ನೀವು ಮತ್ತೆ ಕೊಡಬೇಕು. ಅವನು ಇದ್ದಬದ್ದದ್ದನ್ನೆಲ್ಲ ಇಟ್ಟು ಆಲ್ ಇನ್ ಆಗಿದ್ದರೆ ಮಾತ್ರ 35% ನಿಮ್ಮದು.

ಈಗ ಬೆಲೆ ನೋಡಿ. 100, ಅವನ 50, ನಿಮ್ಮ 50, ಒಟ್ಟು 200. ಅದರಲ್ಲಿ ನಿಮ್ಮ ಪಾಲು ಕಾಲು ಭಾಗ. 25% ಬೇಕಾದ ಕಡೆ ನಿಮ್ಮ ಹತ್ತಿರ ಇರೋದು 19%. ಎಕ್ಕ ಬಿದ್ದು ಜೋಡಿಯಾಗಿ ಗೆಲ್ಲುವುದನ್ನು ಪಕ್ಕಕ್ಕಿಟ್ಟರೆ, ಇಷ್ಟರಲ್ಲೇ ಇದು ನಷ್ಟದ ಕಾಲ್.

ಹಾಗಂತ ಎಲೆ ಬಿಡಲೇಬೇಕು ಅಂತಲ್ಲ. ಆಟಿನ್ ಬಿದ್ದ ಮೇಲೆ ಅವನಿಂದ ಸರಾಸರಿ ಇನ್ನೂ 60 ಬೀಜದಷ್ಟು ಬರುವ ಹಾಗಿದ್ದರೆ ಲೆಕ್ಕ ಸರಿಹೋಗುತ್ತದೆ. ಮೂರನೇ ಆಟಿನ್ ಕಂಡ ಕೂಡಲೇ ಕೈ ಬಿಡುವ ಆಸಾಮಿಯಾದರೆ ಬರೋದಿಲ್ಲ. ನಿಮ್ಮ ಗೆಳೆಯರ ಸ್ವಭಾವ ನಿಮಗೇ ಗೊತ್ತು ಅಲ್ವಾ? (ಬೀಜದಲ್ಲಿ ಆಡುತ್ತಿದ್ದೀರಿ, ಹಾಗೇ ಇರಲಿ. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡುವುದನ್ನು ಕೇಂದ್ರದ 2025ರ ಕಾನೂನು ನಿಷೇಧಿಸಿದೆ.)

ಭಾವನವರ ಮಾತನ್ನು ನಾನು ಒಪ್ಪುವುದಿಲ್ಲ. ರೇಸ್ ಮಾಡಬೇಕೋ ಬೇಡವೋ ಅನ್ನೋದು ಎಷ್ಟು ಜನ ಉಳಿದಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಐದೂ ಜನ ಇದ್ದು, ಒಬ್ಬೊಬ್ಬರೂ 10 ಬೀಜ ಜಾಸ್ತಿ ಹಾಕಿದರೆ ಪಾಟ್‌ಗೆ 50 ಸೇರುತ್ತದೆ. ನೀವು ಹಾಕಿದ್ದು ಐದರಲ್ಲೊಂದು, ಗೆಲ್ಲುವ ಸಾಧ್ಯತೆ ಹೆಚ್ಚುಕಮ್ಮಿ ಮೂರರಲ್ಲೊಂದು. ನಿಮ್ಮ 10ಕ್ಕೆ ಸರಾಸರಿ 17 ವಾಪಸ್. ಎಕ್ಕದ ಫ್ಲಶ್ ಆದ್ದರಿಂದ ಈ ಧೈರ್ಯ. ಆರು, ಏಳು ಹಿಡಿದಿದ್ದರೆ ಇನ್ನೊಬ್ಬನ ದೊಡ್ಡ ಆಟಿನ್‌ಗೆ ಸಿಕ್ಕಿಬೀಳುವ ಭಯ ಇದೆ.

ಕೂತ ಜಾಗವನ್ನೂ ನೋಡಿ. ಕಟ್ಟಿದವನ ಪಕ್ಕದಲ್ಲೇ ಕೂತು ರೇಸ್ ಮಾಡಿದರೆ ಉಳಿದವರು ಓಡಿಹೋಗುತ್ತಾರೆ. ಎಲ್ಲರೂ ಕಾಲ್ ಮಾಡಿದ ಮೇಲೆ ಕೊನೆಯಲ್ಲಿ ಮಾಡಿದರೆ, ಆಗಲೇ ಬೀಜ ಹಾಕಿದವರು ಸುಲಭಕ್ಕೆ ಬಿಡುವುದಿಲ್ಲ. ಮೊನ್ನೆಯ ಹಾಗೆ ಒಬ್ಬನೇ ಎದುರಿದ್ದಾಗ ನೀವು ಅರ್ಧ ಹಾಕಿ 35% ಗೆಲ್ಲುತ್ತೀರಿ. ಅಲ್ಲಿ ರೇಸ್ ಅವನನ್ನು ಹೆದರಿಸಿ ಓಡಿಸಲಿಕ್ಕೆ ಮಾತ್ರ.

ಒಬ್ಬನ ಎದುರೂ ಲಾಭಕ್ಕೇ ರೇಸ್ ಮಾಡುವ ಕೈ ಬೇರೆ. ಕೈಯಲ್ಲಿ ಆಟಿನ್ ಒಂಬತ್ತು, ಎಂಟು; ಫ್ಲಾಪ್‌ನಲ್ಲಿ ಆಟಿನ್ ಹತ್ತು, ಕಳಾವರ್ ಏಳು, ಆಟಿನ್ ಎರಡು ಅಂದುಕೊಳ್ಳಿ. ಉಳಿದ ಒಂಬತ್ತು ಆಟಿನ್ ಎಲೆಗಳ ಜೊತೆಗೆ, ಸಾಲಾಗಿ ಐದು ಎಲೆ ಕೂಡಿಸುವ, ಆಟಿನ್ ಅಲ್ಲದ ಗುಲಾಮ ಮೂರು, ಆರು ಮೂರು. ಒಟ್ಟು 15 ಎಲೆ, ರಿವರ್ ಒಳಗೆ 54%. ಒಂದೇ ಜೋಡಿ ಹಿಡಿದವನಿಗಿಂತ ಸಾಮಾನ್ಯವಾಗಿ ನೀವೇ ಸ್ವಲ್ಪ ಮುಂದೆ. ಟರ್ನ್ ಖಾಲಿ ಹೋದರೆ ಅದೇ ಕೈ 33%ಕ್ಕೆ ಇಳಿಯುತ್ತದೆ, ಹಾಗಾಗಿ ರೇಸ್ ಮಾಡುವುದಿದ್ದರೆ ಫ್ಲಾಪ್‌ನಲ್ಲೇ ಮಾಡಿ.