ಎರಡು ದಾಟಿದ ಮಗುವಿಗೆ ಎದೆಹಾಲು

ಅಂಕೋಲೆಯ ಓದುಗರೊಬ್ಬರ ಪತ್ರ ಬಂದಿದೆ. ಎರಡು ವರ್ಷ ನಾಲ್ಕು ತಿಂಗಳ ಮಗಳು ಇನ್ನೂ ಎದೆಹಾಲು ಕುಡಿಯುತ್ತಾಳೆ. ಗೋಕರ್ಣದ ಮದುವೆಮನೆಯಲ್ಲಿ ಅವಳು ಸೆರಗು ಎಳೆದಾಗ ನೆಂಟರು, "ಇಷ್ಟು ದೊಡ್ಡವಳಿಗೆ ಇನ್ನೂ ಮೊಲೆಯೇ? ಈಗ ಅದು ಬರೀ ನೀರು" ಎಂದರಂತೆ. ಬೇವು ಹಚ್ಚಿ ಬಿಡಿಸಲೇ ಎಂದು ಕೇಳಿದ್ದಾರೆ.

ಬೇವು ಹಚ್ಚಬೇಡಿ. ನಾನು ಹಚ್ಚಿದವಳು. ಶಿರಸಿಯ ಮನೆಯಲ್ಲಿ, ಮಗನಿಗೆ ಎರಡು ತುಂಬುವ ಮೊದಲೇ, ಊರವರ ಬಾಯಿಗೆ ಹೆದರಿ. ಬಾಯಿಟ್ಟವನು ಮುಖ ಕಿವುಚಿದ. ನನ್ನ ಸೆರಗಿನಿಂದಲೇ ಒರೆಸಿ ಮತ್ತೊಮ್ಮೆ ಬಾಯಿಟ್ಟ. ಆಮೇಲೆ ಅಳಲೂ ಇಲ್ಲ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಒಮ್ಮೆಲೇ ನಿಲ್ಲಿಸಿದ್ದಕ್ಕೆ ನನ್ನ ಎದೆ ಕಲ್ಲಾಗಿ ಜ್ವರ ಬಂತು. ಜ್ವರ ಮರೆತಿದೆ, ಆ ಪುಟ್ಟ ಬೆನ್ನು ಮರೆತಿಲ್ಲ.

ಹಾಲು ನೀರಾಗುವುದಿಲ್ಲ. ಮೊದಲ 6 ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆಗೆ 2 ವರ್ಷದವರೆಗೆ ಅಥವಾ ಅದರಾಚೆಗೂ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎರಡೂ ಹೇಳುತ್ತವೆ. ಆ 'ಅದರಾಚೆಗೂ' ಯಾರ ಕಿವಿಗೂ ಬೀಳುವುದಿಲ್ಲ! ಎರಡನೇ ವರ್ಷದಲ್ಲಿ ಮಗುವಿಗೆ ಬೇಕಾದ ಶಕ್ತಿಯ ಮೂರನೇ ಒಂದು ಪಾಲನ್ನು ಈ ಹಾಲೇ ಕೊಡಬಲ್ಲದು. ರೋಗ ತಡೆಯುವ ಅಂಶಗಳೂ ಅದರಲ್ಲಿ ಉಳಿದೇ ಇರುತ್ತವೆ. ಜ್ವರ ಬಂದು ಗಂಜಿಯನ್ನೂ ಒಲ್ಲೆನ್ನುವ ಮಗು ಎದೆಗೆ ಬಾಯಿಡುವುದನ್ನು ನೀವೇ ಕಂಡಿರುತ್ತೀರಿ.

ಆದರೆ ಹೊಟ್ಟೆ ತುಂಬಬೇಕಾದ್ದು ಊಟದಿಂದ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಕುಚ್ಚಲಕ್ಕಿ ಗಂಜಿಯ ಜೊತೆ ಬೇಳೆ, ಹರಿವೆ ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಮುಳ್ಳು ತೆಗೆದ ಮೀನು ಕೊಡಿ. ಹಾಲು ಕುಡಿದು ಊಟ ಬಿಡುತ್ತಿದ್ದರೆ, ತೂಕ ಏರದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ರಾತ್ರಿ ಮಲಗುವ ಮುಂಚೆ ಹಲ್ಲು ಉಜ್ಜಿಸಿ.

ನಿಮಗೇ ಸಾಕಾಗಿದೆಯೇ? ಪತ್ರದಲ್ಲಿ ಅದನ್ನು ಬರೆದಿಲ್ಲ, ನನಗೆ ಮುಖ್ಯ ಅದೇ. ಸಾಕಾಗಿದ್ದರೆ ಬಿಡಿಸಿ, ಅದರಲ್ಲಿ ತಪ್ಪಿಲ್ಲ. ಮೊದಲು ಮಧ್ಯಾಹ್ನದ್ದು ತಪ್ಪಿಸಿ, ಆ ಹೊತ್ತಿಗೆ ಅಂಗಳಕ್ಕೆ ಕರೆದೊಯ್ಯಿರಿ. ನಾಲ್ಕಾರು ದಿನ ಬಿಟ್ಟು ಇನ್ನೊಂದು. ಮಲಗುವ ಹೊತ್ತಿನದು ಕೊನೆಗಿರಲಿ. ಈ ವಯಸ್ಸಿಗೆ ಮಾತು ತಿಳಿಯುತ್ತದೆ, "ಕತ್ತಲಾದ ಮೇಲೆ" ಎಂದರೆ ಕಾಯುವುದನ್ನು ಕಲಿಯುತ್ತಾಳೆ. ಸಾಕಾಗಿಲ್ಲವೆಂದರೆ ನಡೆಯಲಿ.

ಬರುವ ತಿಂಗಳು ಹೊನ್ನಾವರದಲ್ಲಿ ಇನ್ನೊಂದು ಮದುವೆ, ಹೋಗಲೇ ಬೇಡವೇ ಎಂದಿದ್ದೀರಿ. ಹೋಗಿ, ಮಗಳನ್ನೂ ಕರೆದುಕೊಂಡು ಹೋಗಿ.

— ಸಂಪಾದಕಿ